ಚೀಸ್ ತಿಂದ ಬಾಯಿ ಶುದ್ಧ

ಹೋದ ಶನಿವಾರ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ಇಟಲಿಯೇ ಬಂದಿತ್ತು. ಹೊಸಬರಿಗೆ ಇಟಾಲಿಯನ್ ಚೀಸ್, ಬಿಳಿ ವೈನ್ ರುಚಿ ತೋರಿಸುವ ಸಂಜೆ. ಅದೇ ಕ್ಲಬ್‌ಹೌಸಿನ ಬಾಗಿಲಿಗೆ 'ಮಾಂಸ, ಮೊಟ್ಟೆ ತರಬಾರದು' ಅಂತ ಬೋರ್ಡಿದೆ. ಹೋದ ತಿಂಗಳು ಮೂರನೇ ಮಹಡಿಯ ಮಗುವಿನ ಕೇಕಿನಲ್ಲಿ ಮೊಟ್ಟೆ ಇದೆಯಂತೆ ಅಂತ ಗ್ರೂಪಿನಲ್ಲಿ ಎರಡು ದಿನ ಗಲಾಟೆಯಾಗಿ, ಕೊನೆಗೆ ಕೇಕನ್ನು ಪಾರ್ಕಿಂಗಿನಲ್ಲಿ ಕತ್ತರಿಸಿದರು. ವೈನಿಗೆ ಅಡ್ಡಿಯಿಲ್ಲ. ದ್ರಾಕ್ಷಿ ರಸ ಅಲ್ವಾ.

ಮೊದಲು ಬಂದದ್ದು ಸೋವಾವೆ ಅನ್ನೋ ಬಿಳಿ ವೈನು, ವೆರೋನಾ ಕಡೆಯದು. ಗ್ಲಾಸು ತಿರುಗಿಸಿ ಮೂಗು ಒಳಗಿಟ್ಟು, ಏನು ವಾಸನೆ ಹೇಳಿ ಅಂದ, ರುಚಿ ಹೇಳಿಕೊಡಲು ಬಂದ ಹುಡುಗ. ಬಾದಾಮಿ ಅನ್ನಬೇಕಂತೆ. ನನಗೆ ಬಂದದ್ದು ಪಕ್ಕದವರ ಸೆಂಟು. ಆಮೇಲೆ ಪೀಡ್ಮಾಂಟಿನ ಗಾವಿ. ಇದಕ್ಕೆ ಒದ್ದೆ ಕಲ್ಲಿನ ವಾಸನೆ! ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ಬೆಳೆದವನು ನಾನು. ಆ ವಾಸನೆಗೆ ಯಾರೂ ದುಡ್ಡು ಕೇಳಿರಲಿಲ್ಲ.

ಹಿಂದಿನವರಿಗೆ ಇಷ್ಟು ತಾಪತ್ರಯ ಇರಲಿಲ್ಲ. ರೋಮಿನ ಉತ್ತರಕ್ಕೆ ಮೊಂತೆಫಿಯಾಸ್ಕೋನೆ ಅಂತ ಊರು. 1111ರಲ್ಲಿ ರೋಮಿಗೆ ಹೊರಟ ಒಬ್ಬ ಜರ್ಮನ್ ಪಾದ್ರಿ ಆಳನ್ನು ಮುಂದೆ ಕಳಿಸಿದನಂತೆ. ಎಲ್ಲಿ ಒಳ್ಳೆ ವೈನ್ ಸಿಗುತ್ತದೋ ಆ ಬಾಗಿಲ ಮೇಲೆ 'ಎಸ್ಟ್' ಅಂತ ಬರಿ ಅಂದನಂತೆ. 'ಇದೆ' ಅಂತ ಅರ್ಥ. ಈ ಊರಿನಲ್ಲಿ ಆಳು ಮೂರು ಸಲ ಬರೆದ. ಪಾದ್ರಿ ಅಲ್ಲೇ ಠಿಕಾಣಿ ಹೂಡಿ, ಕುಡಿದು ಕುಡಿದು ಅಲ್ಲೇ ಸತ್ತ. ಚರ್ಚಿನಲ್ಲಿ ಗೋರಿಯೂ ಇದೆ. ಕತೆ ನಿಜವೋ ಸುಳ್ಳೋ, ಆ ಬಿಳಿ ವೈನಿನ ಹೆಸರು ಇವತ್ತಿಗೂ 'ಎಸ್ಟ್! ಎಸ್ಟ್!! ಎಸ್ಟ್!!!'. ಬಾದಾಮಿ ಇಲ್ಲ, ಕಲ್ಲು ಇಲ್ಲ. ನಮ್ಮ 'ಊಟ ರೆಡಿ' ಬೋರ್ಡಿನ ಹಾಗೆ.

ಆಮೇಲೆ ಚೀಸು. ಪಾರ್ಮಿಜಾನೋ ರೆಜ್ಜಾನೋ. ಗಾಲಿಯ ಆಕಾರದ ಒಂದು ಗಡ್ಡೆ ಸುಮಾರು 40 ಕೆಜಿ. ಅದಕ್ಕೆ 500 ಲೀಟರಿಗೂ ಜಾಸ್ತಿ ಹಾಲು, ಕಡಿಮೆ ಅಂದರೆ 12 ತಿಂಗಳು ಹಲಗೆಯ ಮೇಲೆ ತಪಸ್ಸು. ಕ್ರೆಡಿಟೊ ಎಮಿಲಿಯಾನೊ ಎಂಬ ಬ್ಯಾಂಕು ಈ ಗಾಲಿಗಳನ್ನು ಅಡ ಇಟ್ಟುಕೊಂಡು ಸಾಲ ಕೊಡುತ್ತದೆ, ನಮ್ಮಲ್ಲಿ ಒಡವೆಗೆ ಕೊಟ್ಟ ಹಾಗೆ. ಬೋರ್ಡು ಹಾಕಿಸಿದ ಸೆಕ್ರೆಟರಿಯವರು ಕಣ್ಣು ಮುಚ್ಚಿ ಒಂದು ಚೂರು ನಾಲಿಗೆಯ ಮೇಲೆ ಇಟ್ಟುಕೊಂಡರು, ತೀರ್ಥದ ತುಳಸಿ ಇಟ್ಟುಕೊಂಡಂತೆ.

ನಾನು ಸುಮ್ನಿರಬೇಕಿತ್ತು. ಹಾಲು ಒಡೆಯೋಕೆ ಏನು ಹಾಕ್ತಾರಪ್ಪ ಅಂತ ಕೇಳಿಬಿಟ್ಟೆ.

"ರೆನ್ನೆಟ್ ಸಾರ್. ಹಾಲು ಕುಡಿಯೋ ಕರುವಿನ ಹೊಟ್ಟೆಯಿಂದ ತೆಗೀತಾರೆ." ಪಾಪ, ಹುಡುಗ ಪ್ರಾಮಾಣಿಕ. "ಬೇರೆ ಹಾಕಿದ್ರೆ ಆ ಹೆಸರು ಇಡೋ ಹಾಗಿಲ್ಲ. ಪಕ್ಕದ್ದು ಪೆಕೊರಿನೋ ರೊಮಾನೋ. ಅದಕ್ಕೆ ಕುರಿಮರಿದು."

ಕರು ಬದುಕಿದ್ದಾಗ ಅದನ್ನು ತೆಗೆಯೋಕೆ ಬರಲ್ಲ ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸೆಕ್ರೆಟರಿಯವರು ಅರೆಗಳಿಗೆ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ "ಎಷ್ಟಾದ್ರೂ ಹಾಲಿನ ಪದಾರ್ಥ ಬಿಡಿ" ಅಂತ ಇನ್ನೊಂದು ಚೂರಿಗೆ ಕೈ ಹಾಕಿದರು. ಎಂಥ ದೊಡ್ಡ ಮನಸ್ಸು! ಕೆಲವು ಬಿಳಿ ವೈನನ್ನು ಮೀನಿನ ಗಾಳಿಚೀಲ ಹಾಕಿ ತಿಳಿ ಮಾಡುತ್ತಾರೆ ಎಂಬುದನ್ನು ಹೇಳೋಕೆ ನನಗೇ ಮನಸ್ಸು ಬರಲಿಲ್ಲ.

2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಟ್ಟಾಗ ಆದ ರಂಪ ನಿಮಗೆ ನೆನಪಿರಬೇಕು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಂದರೂ ವಿರೋಧಿಸಿದವರು ಕೇಳಲಿಲ್ಲ. ಬೀದರ, ಯಾದಗಿರಿಯ ಬಡ ಮಕ್ಕಳ ತಟ್ಟೆಗೆ ಒಂದು ಬೇಯಿಸಿದ ಮೊಟ್ಟೆ, ಅಷ್ಟೇ. ಅದರಿಂದ ಧರ್ಮ ಕೆಡುತ್ತದೆ ಅಂದರು. ನನಗೆ ಸಾಕಾಗಿದೆ. ನಿಮ್ಮ ಚೀಸು ನೀವು ತಿನ್ನಿ, ಹೊಟ್ಟೆ ತುಂಬ ತಿನ್ನಿ. ಆ ಮಕ್ಕಳ ತಟ್ಟೆಯ ತಂಟೆಗೆ ಹೋಗಬೇಡಿ.

ಅವತ್ತು ಮೇಜಿನ ಮೇಲೆ ರೆನ್ನೆಟ್ ಇಲ್ಲದ ಚೀಸು ಒಂದೇ ಇತ್ತು, ಮಸ್ಕಾರ್ಪೋನೆ. ಕೆನೆಗೆ ಹುಳಿ ಹಿಂಡಿದರೆ ಆಯಿತು. ಸಪ್ಪೆ ಅಂತ ಯಾರೂ ಮುಟ್ಟಲಿಲ್ಲ. ಅದು ದಂಡವಾಗಬಾರದಲ್ಲ, ಮುಂದಿನ ತಿಂಗಳು ತಿರಾಮಿಸು ಸಂಜೆ ಅಂತ ಗ್ರೂಪಿನಲ್ಲಿ ಮೆಸೇಜು ಬಂದಿದೆ. ತಿರಾಮಿಸು ಅಂದರೆ ಇಟಲಿಯ ಒಂದು ಸಿಹಿ, ಅದಕ್ಕೆ ಮಸ್ಕಾರ್ಪೋನೆ ಜೊತೆ ಹಸಿ ಮೊಟ್ಟೆಯ ಹಳದಿ ಕಲಸುತ್ತಾರೆ. ನಾನೂ ಹೆಸರು ಕೊಟ್ಟಿದ್ದೇನೆ. ಈ ಸಲ ಏನೂ ಕೇಳಲ್ಲ.