ಬಿಸಿ ಸುದ್ದಿ ಇಡಲು ಒಂದು ಮೇಜು

ಪತ್ರಿಕೋದ್ಯಮ ಕಲಿಯಲು ವರ್ಷಗಟ್ಟಲೆ ಕಾಲೇಜಿಗೆ ಅಲೆಯುವುದೇಕೆ? ಹೋವರ್ಡ್ ಹಾಕ್ಸ್ 1940ರಲ್ಲಿ ತೆಗೆದ 'ಹಿಸ್ ಗರ್ಲ್ ಫ್ರೈಡೇ' ಎಂಬ ಹಾಲಿವುಡ್ ಹಾಸ್ಯಚಿತ್ರ ಒಂದೂವರೆ ತಾಸಿನಲ್ಲಿ ಎಲ್ಲವನ್ನೂ ಕಲಿಸಿಬಿಡುತ್ತದೆ. ಅದರ ಮೂಲ 1928ರ ನಾಟಕ. ಬರೆದ ಬೆನ್ ಹೆಕ್ಟ್, ಚಾರ್ಲ್ಸ್ ಮ್ಯಾಕ್‌ಆರ್ಥರ್ ಇಬ್ಬರೂ ಷಿಕಾಗೊದಲ್ಲಿ ವರದಿಗಾರರಾಗಿದ್ದವರು. ಹಾಗಾಗಿ ಪಠ್ಯಕ್ರಮದಲ್ಲಿ ಕಲಬೆರಕೆ ಇಲ್ಲ.

ಮೊದಲ ಪಾಠ, ಸಿಬ್ಬಂದಿ ನಿರ್ವಹಣೆ. ಒಳ್ಳೆಯ ವರದಿಗಾರ್ತಿ ಹಿಲ್ಡಿ ಕೆಲಸ ಬಿಟ್ಟು, ವಿಮೆ ಮಾರುವ ಸಾಧು ಪ್ರಾಣಿಯನ್ನು ಮದುವೆಯಾಗಿ ಆಲ್ಬನಿ ಎಂಬ ಊರಿಗೆ ಹೊರಟಿದ್ದಾಳೆ. ಸಂಬಳ ಏರಿಸುವುದು ದಡ್ಡತನ. ಸಂಪಾದಕ ವಾಲ್ಟರ್ ಬರ್ನ್ಸ್ ಮಾಡುವಂತೆ ಮದುವೆ ಗಂಡನನ್ನು ವಾಚು ಕದ್ದ ಆರೋಪದಲ್ಲಿ ಒಳಗೆ ಹಾಕಿಸಿ. ಹೊರಬಂದರೆ ಇನ್ನೊಂದು ಕೇಸು. ಅದೂ ಸಾಲದಿದ್ದರೆ ಖೋಟಾ ನೋಟು. ಭಾವೀ ಅತ್ತೆ ಅಡ್ಡ ಬಂದರೆ ಎತ್ತಿಕೊಂಡು ಹೋಗಲು ಆಳು ಇದ್ದಾನೆ.

ಕಚ್ಚಾವಸ್ತು: ಬೆಳಿಗ್ಗೆ ಗಲ್ಲಿಗೇರಬೇಕಾದ ಒಬ್ಬ ಬಡಪಾಯಿ. ಚುನಾವಣೆ ಹತ್ತಿರವಿದೆ, ಮೇಯರ್‌ಗೆ ಗಲ್ಲು ಬೇಕು; ಗವರ್ನರ್ ಕಳಿಸಿದ ತಡೆಯಾಜ್ಞೆ ತಂದವನಿಗೆ 'ನೀನು ಬಂದೇ ಇಲ್ಲ' ಎಂದು ಹೇಳಿ ಸರ್ಕಾರಿ ನೌಕರಿಯ ಆಸೆ ತೋರಿಸುತ್ತಾನೆ. ಅಷ್ಟರಲ್ಲಿ ಮನೋವೈದ್ಯರು ಕೈದಿಗೆ 'ಕೊಲೆ ಹೇಗೆ ಮಾಡಿದೆ, ಮಾಡಿ ತೋರಿಸು' ಎನ್ನುತ್ತಾರೆ. ಜೈಲಿನ ಹೊಣೆ ಹೊತ್ತ ಶೆರಿಫ್ ಸಾಹೇಬರು ಅದಕ್ಕೆ ತಮ್ಮದೇ ಪಿಸ್ತೂಲು ಒದಗಿಸುತ್ತಾರೆ. ಆತ ಮಾಡಿ ತೋರಿಸಿ ಪರಾರಿಯಾಗುತ್ತಾನೆ.

ಅಂಥ ಕೈದಿ ಸಿಕ್ಕರೆ ಪೊಲೀಸರಿಗೆ ಕೊಡುವುದೆಂದರೆ ಉಳಿದ ಪತ್ರಿಕೆಗಳಿಗೂ ಹಂಚಿದಂತೆ. ಪತ್ರಕರ್ತರ ಕೊಠಡಿಯಲ್ಲಿರುವ, ಮರದ ಪಟ್ಟಿಯ ಶಟರ್‌ನ ದೊಡ್ಡ ಮೇಜಿನೊಳಗೆ ಮಡಚಿಡಿ. ಸನ್ನೆ: ಮೂರು ಸಲ ಕುಟ್ಟಿದರೆ ನಮ್ಮವರು. ಮೇಜನ್ನು ಸರಕು ಸಮೇತ ಹೊತ್ತೊಯ್ಯಲು ಆಳುಗಳನ್ನು ಕರೆಸಿ. ಇಲ್ಲಿ ಕೆಡುವುದು ಸಂಪಾದಕರ ವಾಗ್ಮಿತೆಯಿಂದ. ಆವೇಶದಲ್ಲಿ ಮೇಜು ಗುದ್ದಿದರೆ ಒಳಗಿನಿಂದಲೂ ಟಕ್ ಟಕ್ ಟಕ್!

ಪುಟವಿನ್ಯಾಸ ಫೋನಿನಲ್ಲೇ ಮುಗಿಯುತ್ತದೆ. ಮುಖಪುಟದಿಂದ ಯುರೋಪಿನ ಯುದ್ಧ ಔಟ್. ಚೀನಾದ ಭೂಕಂಪ ಔಟ್, ಎಷ್ಟು ಜನ ಸತ್ತರೇನು. ಹಿಟ್ಲರ್ ನಗೆಪುಟಕ್ಕೆ. ಹುಂಜದ ಸುದ್ದಿಯನ್ನು ಮಾತ್ರ ಮುಟ್ಟುವಂತಿಲ್ಲ, ಅದು ಮಾನವಾಸಕ್ತಿಯ ವರದಿ. ಪತ್ರಿಕೆಯ ಹೆಸರನ್ನು ಎರಡನೇ ಪ್ಯಾರಾದಲ್ಲಿ ಹಾಕಿದರೆ ಬೈಗುಳ ಖಚಿತ, ಅಲ್ಲಿವರೆಗೆ ಓದುವವರಾರು?

ಕೈದಿಯ ಸುಳಿವು ಕೊಡಲಾರದೆ ಮಾಲಿ ಎಂಬ ಹೆಂಗಸು ಅದೇ ಕೊಠಡಿಯ ಕಿಟಕಿಯಿಂದ ಹಾರುತ್ತಾಳೆ. ಆಮೇಲೆ ಅವಳು ಏನಾದಳೆಂದು ಚಿತ್ರವೂ ವಿಚಾರಿಸುವುದಿಲ್ಲ. ನಗಿಸುವ ಭರದಲ್ಲಿ ಹಾಕ್ಸ್ ಕೂಡ ಅರ್ಧ ಸಂಪಾದಕನಾಗಿಬಿಟ್ಟಿದ್ದಾನೆ.

ಕೊನೆಗೆ ಮೇಜು ತೆರೆದಾಗ ಕೈದಿ ಸುಮ್ಮನೆ ಶರಣಾಗುತ್ತಾನೆ. ಅದೇ ಕೊಠಡಿಯಲ್ಲಿ, ಕಣ್ಣಾರೆ ನೋಡಿದ ವರದಿಗಾರರು ಫೋನೆತ್ತುತ್ತಾರೆ. ಭೀಕರ ಹೋರಾಟ ಮಾಡಿದ, ಎಂದು ಒಬ್ಬ. ಗುಂಡು ಹಾರಿಸಲು ನೋಡಿದ, ಪಿಸ್ತೂಲು ಕೈಕೊಟ್ಟಿತು, ಎಂದು ಇನ್ನೊಬ್ಬ. ಪ್ರಜ್ಞೆಯೇ ಇರಲಿಲ್ಲ, ಎಂದು ಮತ್ತೊಬ್ಬ. ಓದುಗರು ತಮಗೆ ಒಪ್ಪುವುದನ್ನು ಕೊಂಡುಕೊಳ್ಳಲಿ.