ಶೀಲೆ, ವಾಲಿ ಮತ್ತು ಒಂದು ಕಿತ್ತಳೆ ಹಣ್ಣು

ಮೊನ್ನೆ ಗೆಳೆಯರ ಗುಂಪಲ್ಲಿ 'ಆಸ್ಟ್ರಿಯಾದ ಒಬ್ಬ ವಿವಾದಿತ ಪೇಂಟರ್ ಬಗ್ಗೆ ಬರೀಬೇಕು ಕಣ್ರೋ' ಅಂದೆ. ಒಬ್ಬ ತಕ್ಷಣ ಮೂಗಿನ ಕೆಳಗೆ ಎರಡು ಬೆರಳಿಟ್ಟು ಮೀಸೆ ಮಾಡಿ ತೋರಿಸಿದ. ಗೊತ್ತು ಮಾರಾಯ, ಹಿಟ್ಲರ್. ವಿಯೆನ್ನಾದ ಲಲಿತಕಲಾ ಅಕಾಡೆಮಿ 1907ರಲ್ಲೂ 1908ರಲ್ಲೂ ಬೇಡ ಅಂತ ವಾಪಸ್ ಕಳಿಸಿದ ಆ ಮನುಷ್ಯನಲ್ಲ. ಅದೇ ಅಕಾಡೆಮಿ 1906ರಲ್ಲಿ, ಇನ್ನೂ 16ರ ಹುಡುಗನಾಗಿದ್ದಾಗಲೇ ಸೇರಿಸಿಕೊಂಡ ಇನ್ನೊಬ್ಬ. ಎಗಾನ್ ಶೀಲೆ. ಇವನಿಗೂ ಅಲ್ಲಿ ಸರಿಹೋಗಲಿಲ್ಲ, ಮೂರು ವರ್ಷಕ್ಕೆ ಮೇಷ್ಟ್ರ ಜೊತೆ ಜಗಳ ಆಡಿಕೊಂಡು ಹೊರಬಿದ್ದ.

'ಹೆಸರಲ್ಲಿ ಶೀಲ ಇಟ್ಕೊಂಡು ಅಶ್ಲೀಲದ ಕೇಸಲ್ಲಿ ಒಳಗೆ ಹೋದೋನು ಇವನೊಬ್ಬನೇ' ಅಂತ ನಮ್ಮ ಡ್ರಾಯಿಂಗ್ ಮೇಷ್ಟ್ರು ವರ್ಷಕ್ಕೊಂದು ಸಲ ತಪ್ಪದೆ ಹೇಳೋರು. ನಾನು ಓದಿದ ಚಿತ್ರಕಲಾ ಶಾಲೆಯ ಲೈಬ್ರರಿಯಲ್ಲಿ ಶೀಲೆಯ ಒಂದು ದಪ್ಪ ಪುಸ್ತಕ ಇತ್ತು. ತೆಗೆದು ನೋಡಿದರೆ ನಡುನಡುವೆ ಪುಟಗಳೇ ಇಲ್ಲ. ಯಾರೋ ಬ್ಲೇಡ್ ಹಾಕಿ ನೀಟಾಗಿ ಕೊಯ್ದಿದ್ದರು. ಹೊಲಿಗೆಯ ಹತ್ತಿರ ಅರ್ಧ ಇಂಚು ಕಾಗದ ಉಳಿದಿತ್ತು, ಅಂಥ ಒಂದು ಅಂಚಿನಲ್ಲಿ ಮೂರು ಬೆರಳು ಕಾಣುತ್ತಿದ್ದವು. ಗಂಟುಗಂಟಾದ ಬೆರಳು, ಗೆಣ್ಣುಗಳ ಮೇಲೆ ಕೆಂಪು. ಆ ಬೆರಳುಗಳ ಮಿಕ್ಕ ಮೈ ಹೇಗಿದ್ದಿರಬಹುದು ಅಂತ ಎಷ್ಟೋ ದಿನ ಯೋಚಿಸಿದ್ದೇನೆ. ಕೊಯ್ದವನು ಮಡಿವಂತನೋ ರಸಿಕನೋ, ಇವತ್ತಿಗೂ ಬಗೆಹರಿದಿಲ್ಲ.

ಶೀಲೆ ಹುಟ್ಟಿದ್ದು 1890ರಲ್ಲಿ, ಡ್ಯಾನ್ಯೂಬ್ ದಂಡೆಯ ಟುಲ್ನ್ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ. ಅಪ್ಪ ಅಲ್ಲಿ ಸ್ಟೇಷನ್ ಮಾಸ್ಟರ್. ಹುಡುಗ ಮೊದಲು ಬರೆದದ್ದೆಲ್ಲ ರೈಲು. ಅವನಿಗೆ 14 ವರ್ಷ ಆಗಿದ್ದಾಗ ಅಪ್ಪ ಸಿಫಿಲಿಸ್ ಅನ್ನುವ ಲೈಂಗಿಕ ರೋಗದಿಂದ ತಲೆ ಕೆಟ್ಟು ಸತ್ತ. ಮೈ ಅಂದರೆ ಸುಖ ಮಾತ್ರ ಅಲ್ಲ, ಕೊಳೆಯುವ ವಸ್ತು ಕೂಡ ಅನ್ನುವುದು ಅವನಿಗೆ ಮನೆಯಲ್ಲೇ ಗೊತ್ತಾಗಿತ್ತು. ಆಗಿನ ವಿಯೆನ್ನಾದ ದೊಡ್ಡ ಪೇಂಟರ್ ಗುಸ್ಟಾವ್ ಕ್ಲಿಮ್ಟ್ ಗುರುವಿನ ಹಾಗೆ ಕೈಹಿಡಿದ. ಆದರೆ ಕ್ಲಿಮ್ಟ್ ತನ್ನ ಹೆಂಗಸರಿಗೆ ಬಂಗಾರದ ರೇಕು ಹೊದಿಸಿದರೆ, ಶಿಷ್ಯ ಬಂಗಾರವನ್ನೂ ಬಟ್ಟೆಯನ್ನೂ ಕಿತ್ತು ಹಾಕಿ ಮೂಳೆ, ಚರ್ಮ, ಮೊಣಕಾಲು ಬರೆದ.

ಗೆರೆಯ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ನಾನು ಈ ಮನುಷ್ಯನ ಸಹವಾಸ ಇನ್ನೂ ಯಾಕೆ ಬಿಟ್ಟಿಲ್ಲ ಅಂತ ನಿಮಗೆ ಅರ್ಥವಾಗಲ್ಲ. ಶೀಲೆ ರಬ್ಬರ್ ಮುಟ್ಟುತ್ತಿರಲಿಲ್ಲವಂತೆ. ಗೆರೆ ತಪ್ಪಿತೋ, ಹಾಳೆ ಪಕ್ಕಕ್ಕೆ, ಇನ್ನೊಂದು ಹಾಳೆ. ಮಾಡೆಲ್ ಎದುರಿಗಿರುವಾಗ ಪೆನ್ಸಿಲ್ ಅಥವಾ ಕಪ್ಪು ಚಾಕ್ ಮಾತ್ರ. ಬಣ್ಣ ಹಾಕುತ್ತಿದ್ದದ್ದು ಆಮೇಲೆ, ನೆನಪಿನಿಂದ. ಹಸಿರು ಕೆನ್ನೆ, ನೀಲಿ ಹೊಟ್ಟೆ, ಇಟ್ಟಿಗೆ ಕೆಂಪಿನ ಮೊಣಕೈ ಎಲ್ಲ ಬಂದದ್ದು ಹಾಗೆ. ಅವನದೊಂದು ಚೇಷ್ಟೆ ನನಗೆ ಬಹಳ ಇಷ್ಟ. ಮಲಗಿದವರನ್ನು ಬರೆಯುವುದು, ಮುಗಿದ ಮೇಲೆ ಹಾಳೆಯನ್ನು ನೆಟ್ಟಗೆ ತಿರುಗಿಸಿ ರುಜು ಹಾಕುವುದು! ಅಷ್ಟಕ್ಕೇ ಹಾಸಿಗೆಯಲ್ಲಿ ಮಲಗಿದ್ದವಳು ಗಾಳಿಯಲ್ಲಿ ಯಾವುದಕ್ಕೂ ಆತುಕೊಳ್ಳದೆ ತೇಲತೊಡಗುತ್ತಾಳೆ. ಮನೆಯಲ್ಲಿ ಮಾಡಿ ನೋಡಿ, ನಿಮ್ಮ ಗೆರೆ ಎಷ್ಟು ಸುಳ್ಳು ಹೇಳುತ್ತಿದೆ ಅಂತ ಒಂದೇ ಕ್ಷಣಕ್ಕೆ ಗೊತ್ತಾಗುತ್ತದೆ. ನನಗೆ ಗೊತ್ತಾಗಿದೆ.

ಈಗ ಕೇಸು.

1911ರಲ್ಲಿ ಶೀಲೆ ತಾಯಿಯ ಊರು ಕ್ರುಮಾವ್‌ಗೆ ಹೋಗಿ ನೆಲೆಸಿದ. ಈಗ ಅದು ಜೆಕ್ ದೇಶದಲ್ಲಿದೆ. ಜೊತೆಯಲ್ಲಿ ವಾಲಿ ನಾಯ್‌ತ್ಸಿಲ್, 16-17 ವರ್ಷದ ಹುಡುಗಿ, ಅವನ ಮಾಡೆಲ್. ಮದುವೆಯಾಗಿಲ್ಲದ ಜೋಡಿ, ಬೆತ್ತಲೆ ಚಿತ್ರ, ಮನೆಗೆ ಬಂದು ಹೋಗುವ ಊರ ಮಕ್ಕಳು. ಊರವರು ಓಡಿಸಿದರು. ವಿಯೆನ್ನಾ ಹತ್ತಿರದ ನಾಯ್‌ಲೆಂಗ್‌ಬಾಖ್ ಅನ್ನುವ ಸಣ್ಣ ಊರಿಗೆ ಬಂದರು, ಅಲ್ಲೂ ಅದೇ ಕಥೆ. 1912ರ ಏಪ್ರಿಲ್‌ನಲ್ಲಿ ಪೊಲೀಸರು ಬಂದರು. ಮನೆ ಬಿಟ್ಟು ಓಡಿಬಂದ 13 ವರ್ಷದ ಒಬ್ಬ ಹುಡುಗಿ ಇವರ ಬಳಿ ಉಳಿದಿದ್ದಳು. ಅಪಹರಣ ಮತ್ತು ಕೆಡಿಸಿದ ಆರೋಪ ನಿಲ್ಲಲಿಲ್ಲ. ನಿಂತದ್ದು, ಮಕ್ಕಳ ಕಣ್ಣಿಗೆ ಬೀಳುವ ಕಡೆ ಅಶ್ಲೀಲ ಚಿತ್ರ ಇಟ್ಟಿದ್ದ ಅನ್ನುವುದು ಮಾತ್ರ. ಒಟ್ಟು 24 ದಿನ ಜೈಲು. ಜಡ್ಜು ತೀರ್ಪಿನ ಜೊತೆಗೆ ಅವನದೊಂದು ಚಿತ್ರವನ್ನು ಕೋರ್ಟಿನಲ್ಲೇ ಮೇಣದ ಬತ್ತಿಗೆ ಹಿಡಿದು ಸುಟ್ಟ.

ಕಲಾಪ್ರಿಯರು ಈ ಮೇಣದ ಬತ್ತಿ ಕಥೆಯನ್ನು ಎಷ್ಟು ಪ್ರೀತಿಯಿಂದ ಹೇಳುತ್ತಾರೆ ಅಂದರೆ, ಓದುಗರ ಕರುಣೆಯೆಲ್ಲ ಆ ಕಾಗದಕ್ಕೇ ಖರ್ಚಾಗಿಬಿಡುತ್ತದೆ. ಶೀಲೆಯೂ ಕಮ್ಮಿಯಿಲ್ಲ. ಜೈಲಲ್ಲಿ ಬರೆದ ಒಂದು ಚಿತ್ರಕ್ಕೆ ಅವನಿಟ್ಟ ಹೆಸರು: 'ಕಲಾವಿದನನ್ನು ತಡೆಯುವುದು ಅಪರಾಧ, ಮೊಳೆಯುವ ಜೀವವನ್ನೇ ಕೊಂದ ಹಾಗೆ.' 24 ದಿನಕ್ಕೇ ಹುತಾತ್ಮ! ಅವನ ಹಾಳೆಗಳಲ್ಲಿ ನಿಂತ ಮಕ್ಕಳೂ ಮೊಳೆಯುವ ಜೀವಗಳೇ ಆಗಿದ್ದವಲ್ಲ, ಅದು ಹೊಳೆಯಲಿಲ್ಲ.

'ಆ ಕಾಲ ಹಾಗಿತ್ತು ಸಾರ್, ಇವತ್ತಿನ ಕನ್ನಡಕ ಹಾಕಿ ನೋಡಬೇಡಿ' ಅಂತ ಕಾಮೆಂಟಿನಲ್ಲಿ ಬರೆಯುವವರಿಗೆ ಮುಂಚಿತವಾಗಿ ಹೇಳಿಬಿಡುತ್ತೇನೆ. ಆ ಕಾಲ ಹಾಗಿರಲಿಲ್ಲ. ಹಾಗಿದ್ದಿದ್ದರೆ ಎರಡು ಊರಿನವರು ಯಾಕೆ ಸಿಟ್ಟಾಗುತ್ತಿದ್ದರು? ಅವರ ಸಿಟ್ಟು ಮಕ್ಕಳ ಮೇಲಿನ ಕಾಳಜಿಯೋ ಊರಿನ ಮಾನದ ಪ್ರಶ್ನೆಯೋ, ಅದು ಬೇರೆ ಮಾತು. ನನಗೆ ಎರಡನೆಯದೇ ಅನ್ನಿಸುತ್ತದೆ. ಕೋರ್ಟು ಕೂಡ ಮಕ್ಕಳು ಏನು ನೋಡಿದರು ಅಂತ ತೂಗಿತು. ಮಾಡೆಲ್ ಆಗಿ ನಿಂತವರಿಗೆ ಏನಾಯಿತು ಅನ್ನುವುದಕ್ಕೆ ತಕ್ಕಡಿಯೇ ಇರಲಿಲ್ಲ. ಅದಕ್ಕೂ ಎರಡು ವರ್ಷ ಹಿಂದೆ, 1910ರಲ್ಲಿ, ಒಬ್ಬ ಪರಿಚಯದ ಡಾಕ್ಟರ ದಯದಿಂದ ಶೀಲೆ ಹೆರಿಗೆ ಆಸ್ಪತ್ರೆಗೆ ಹೋಗಿ ಬಸುರಿಯರನ್ನೂ ಹಸುಗೂಸುಗಳನ್ನೂ ಬರೆದಿದ್ದ. ಚಿತ್ರಗಳು ಅದ್ಭುತ, ಮಾತೇ ಇಲ್ಲ. ಚಿಕಿತ್ಸೆ ಕೊಡುವ ಡಾಕ್ಟರೇ ಕರೆದುಕೊಂಡು ಬಂದವನಿಗೆ 'ಬೇಡ' ಅನ್ನುವ ಧೈರ್ಯ ಎಷ್ಟು ಜನಕ್ಕಿರುತ್ತದೆ?

ಇಲ್ಲಿ ನಾನೇನೂ ಸಾಚಾ ಅಲ್ಲ. ನಮ್ಮ ಲೈಫ್ ಸ್ಟಡಿ ಕ್ಲಾಸಿಗೆ ದಿನಗೂಲಿಯ ಮೇಲೆ ಒಬ್ಬ ಮುದುಕರು ಬರುತ್ತಿದ್ದರು. ಪಂಚೆ ಮಡಚಿ ಸ್ಟೂಲಿನ ಮೇಲಿಟ್ಟು, ಲಂಗೋಟಿಯಲ್ಲಿ ಎರಡು ಗಂಟೆ ಅಲುಗಾಡದೆ ಕೂರುವರು. ಫ್ಯಾನ್ ಹಾಕಿದರೆ ಹಾಳೆ ಹಾರುತ್ತದೆ ಅಂತ ಸೆಖೆಯಲ್ಲೂ ಫ್ಯಾನ್ ಇಲ್ಲ. ಬೆನ್ನ ಮೇಲೆ ಬೆವರು ಇಳಿಯುವುದನ್ನು ಶೇಡಿಂಗ್ ಮಾಡಿ ಮಾರ್ಕ್ಸ್ ತಗೊಂಡಿದ್ದೇನೆ. ಎಲ್ಲರೂ 'ತಾತ' ಅನ್ನುತ್ತಿದ್ದೆವು. ಹೆಸರು ನಾನು ಕೇಳಲೇ ಇಲ್ಲ.

ವಾಲಿಗೆ ಬರುತ್ತೇನೆ. ನಮ್ಮ ರಾಮಾಯಣದ ವಾಲಿಗೂ ಇವಳಿಗೂ ಸಂಬಂಧವಿಲ್ಲ, ಮರೆಯಿಂದ ಬಾಣ ತಿಂದದ್ದೊಂದು ಬಿಟ್ಟರೆ. ಶೀಲೆ ಜೈಲಲ್ಲಿದ್ದಾಗ ಜೊತೆಗೆ ನಿಂತವಳು ಅವಳು. ಅಲ್ಲಿ ಅವನು ಬರೆದ ಒಂದು ಜಲವರ್ಣದ ಹೆಸರು 'ಆ ಒಂದು ಕಿತ್ತಳೆಯೇ ಇದ್ದ ಬೆಳಕು'. ಸೆಲ್ಲಿನ ಬಾಗಿಲು, ಮಾಸಲು ಕಂಬಳಿ, ಅದರ ಮೇಲೊಂದು ಕಿತ್ತಳೆ. ಹಣ್ಣು ತಂದುಕೊಟ್ಟವಳು ವಾಲಿಯೇ ಅಂತಾರೆ. ಇಡೀ ಹಾಳೆಯಲ್ಲಿ ಬಣ್ಣ ಅಂತ ಇರುವುದು ಆ ಹಣ್ಣಿಗೆ ಮಾತ್ರ.

ಎರಡು ಮೂರು ವರ್ಷ ಕಳೆದ ಮೇಲೆ ಸ್ಟುಡಿಯೋ ಎದುರು ಮನೆಯಲ್ಲಿದ್ದ ಹಾರ್ಮ್ಸ್ ಅಕ್ಕತಂಗಿಯರ ಕಡೆ ಅವನ ಕಣ್ಣು ಹೋಯಿತು. ಒಳ್ಳೆಯ ಮನೆತನ. 'ಅನುಕೂಲದ ಮದುವೆ ಮಾಡಿಕೊಳ್ಳೋಣ ಅಂತಿದ್ದೇನೆ, ವಾಲಿಯನ್ನಲ್ಲ' ಅನ್ನುವ ಅರ್ಥದಲ್ಲಿ ತನ್ನ ಪರ ಬರೆಯುತ್ತಿದ್ದ ವಿಮರ್ಶಕ ಆರ್ಥರ್ ರೋಸ್ಲರ್‌ಗೆ ಕಾಗದ ಬರೆದ. 1915ರ ಜೂನ್‌ನಲ್ಲಿ ಈಡಿತ್ ಹಾರ್ಮ್ಸ್ ಜೊತೆ ಮದುವೆ. ವಾಲಿಗೆ ವರ್ಷಕ್ಕೊಂದು ಸಲ ಜೊತೆಯಾಗಿ ರಜೆಗೆ ಹೋಗೋಣ ಅಂತ ಒಪ್ಪಂದ ಮುಂದಿಟ್ಟನಂತೆ. ಅವಳು ಒಪ್ಪಲಿಲ್ಲ. ನರ್ಸ್ ಕೆಲಸ ಹಿಡಿದು ಯುದ್ಧದ ಆಸ್ಪತ್ರೆಗಳಿಗೆ ಹೋದಳು. 1917ರ ಕ್ರಿಸ್‌ಮಸ್ ದಿನ, ಈಗಿನ ಕ್ರೊಯೇಷಿಯಾಕ್ಕೆ ಸೇರಿದ ಡಾಲ್ಮೇಷಿಯಾದ ಸಿನ್ಯ್ ಊರಲ್ಲಿ ಕೆಂಪು ಜ್ವರದಿಂದ ಸತ್ತಾಗ ವಯಸ್ಸು 23.

ಶೀಲೆಯೂ ಹೆಚ್ಚು ದಿನ ಇರಲಿಲ್ಲ. 1918ರ ಫೆಬ್ರವರಿಯಲ್ಲಿ ಕ್ಲಿಮ್ಟ್ ಹೋದ. ಮಾರ್ಚ್‌ನಲ್ಲಿ ವಿಯೆನ್ನಾ ಸಿಸೆಷನ್ ಅನ್ನುವ ಕಲಾವಿದರ ಸಂಘದ ಪ್ರದರ್ಶನದಲ್ಲಿ ಶೀಲೆಗೆ ಕೊನೆಗೂ ಹೆಸರು, ದುಡ್ಡು ಎರಡೂ ಬಂದವು. ಅಕ್ಟೋಬರ್ 28ಕ್ಕೆ ಆರು ತಿಂಗಳ ಬಸುರಿ ಈಡಿತ್ ಸ್ಪ್ಯಾನಿಷ್ ಫ್ಲೂಗೆ ಬಲಿಯಾದಳು. ಹಿಂದಿನ ದಿನ ಅವಳ ಮುಖ ಬರೆದಿದ್ದ. ಮೂರೇ ದಿನಕ್ಕೆ ಅವನೂ ಹೊರಟ, 28ನೇ ವಯಸ್ಸಿಗೆ.

ಆಮೇಲೆ ಶುರುವಾದದ್ದು ಕಾಗದ, ಕ್ಯಾನ್ವಾಸಿನ ಕಥೆ. 1912ರಲ್ಲಿ ಬರೆದ 'ವಾಲಿಯ ಭಾವಚಿತ್ರ' ಅಗಲದಲ್ಲಿ ಒಂದೂಕಾಲಡಿಯ ಚಿಕ್ಕ ಹಲಗೆ. ಅದು ಲೀಯಾ ಬಾಂಡಿ ಅನ್ನುವ ಯಹೂದಿ ಗ್ಯಾಲರಿ ಮಾಲಕಿಯ ಸ್ವಂತದ್ದಾಗಿತ್ತು. 1939ರಲ್ಲಿ ಫ್ರೀಡ್ರಿಕ್ ವೆಲ್ಟ್ಸ್ ಅನ್ನುವ ನಾಜಿ ವ್ಯಾಪಾರಿ ಅದನ್ನು ಅವಳ ಮನೆಯಿಂದಲೇ ಕಿತ್ತುಕೊಂಡ. ಯುದ್ಧ ಮುಗಿದ ಮೇಲೆ ಬಾಂಡಿ, ಚಿತ್ರ ವಾಪಸ್ ಪಡೆಯಲು ಸಹಾಯ ಮಾಡಪ್ಪಾ ಅಂತ ರುಡಾಲ್ಫ್ ಲಿಯೊಪೋಲ್ಡ್ ಅನ್ನುವ ಸಂಗ್ರಾಹಕನನ್ನು ಕೇಳಿಕೊಂಡಳು. ಅವನು 1954ರಲ್ಲಿ ತಾನೇ ಅದನ್ನು ತನ್ನದು ಮಾಡಿಕೊಂಡ. ಬಾಂಡಿ 1969ರಲ್ಲಿ ತೀರಿಕೊಂಡಳು. ಚಿತ್ರ ಪ್ರದರ್ಶನಕ್ಕೆಂದು ನ್ಯೂಯಾರ್ಕ್‌ಗೆ ಹೋದಾಗ, 1998ರಲ್ಲಿ, ಅಲ್ಲಿನ ಸರ್ಕಾರಿ ವಕೀಲರು ತಡೆದರು. 12 ವರ್ಷ ಕೇಸು. 2010ರಲ್ಲಿ ಲಿಯೊಪೋಲ್ಡ್ ಮ್ಯೂಸಿಯಂ ಬಾಂಡಿಯ ವಾರಸುದಾರರಿಗೆ 1.9 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ನಾಜಿಗಳ ಡಕಾವ್ ಶಿಬಿರದಲ್ಲಿ 1941ರಲ್ಲಿ ಸತ್ತ ಹಾಸ್ಯನಟ ಫ್ರಿಟ್ಸ್ ಗ್ರ್ಯೂನ್‌ಬಾಮ್ ಸಂಗ್ರಹದ ಏಳು ಶೀಲೆ ಚಿತ್ರಗಳು ಅವನ ವಾರಸುದಾರರಿಗೆ ಮರಳಲು 2023 ಆಗಬೇಕಾಯಿತು. ಕದ್ದದ್ದು ಹಿಂದಿರುಗಲೇಬೇಕು, ಎರಡು ಮಾತಿಲ್ಲ.

ಈ ನಡುವೆ ಮಡಿವಂತಿಕೆಯೂ ಸುಮ್ಮನೆ ಕೂತಿಲ್ಲ. ಶೀಲೆ ಸತ್ತು ನೂರು ವರ್ಷ ಆಗುವ ಹೊತ್ತಿಗೆ ವಿಯೆನ್ನಾ ಪ್ರವಾಸೋದ್ಯಮದವರು ಅವನ ಬೆತ್ತಲೆ ಚಿತ್ರಗಳ ಪೋಸ್ಟರ್ ಮಾಡಿಸಿದರೆ ಲಂಡನ್ನಿನಲ್ಲೂ ಜರ್ಮನಿಯಲ್ಲೂ ಹಾಗೇ ಹಾಕಲು ಬಿಡಲಿಲ್ಲ. 'ಕ್ಷಮಿಸಿ, ನೂರು ವರ್ಷ ಹಳೆಯದು, ಇವತ್ತಿಗೂ ತೀರಾ ದಿಟ್ಟ' ಅಂತ ಪಟ್ಟಿ ಮುಚ್ಚಿ ಹಾಕಿದರು. ಒಳ್ಳೆ ಜಾಹೀರಾತು ಅನ್ನಿ. ನಾನೂ ಇಲ್ಲಿ ಆ ಚಿತ್ರ ಹಾಕಿದರೆ ಫೇಸ್‌ಬುಕ್ ಅಕೌಂಟನ್ನೇ ಎತ್ತಿಬಿಟ್ಟೀತು ಅಂತ ಭಯ. ಅದಕ್ಕೇ ಈ ಪೋಸ್ಟಿಗೆ ಮುಖ ಮಾತ್ರ ಹಾಕಿದ್ದೇನೆ, ವಾಲಿಯದ್ದು.

ನೋಡಿ. ಕೆಂಚು ಕೂದಲು, ನೀಲಿ ಕಣ್ಣು, ಒಂದು ಕಡೆಗೆ ಓರೆಯಾದ ತಲೆ. ಇದಕ್ಕೆ ಜೋಡಿಯಾಗಿ ಅದೇ ವರ್ಷ ಅವನು ತನ್ನದೂ ಒಂದು ಮುಖ ಬರೆದ, ಪಕ್ಕದಲ್ಲಿ ಕೆಂಪು ಬುಡ್ಡೆಹಣ್ಣಿನ ಗಿಡ. ಎರಡೂ ಈಗ ವಿಯೆನ್ನಾದ ಅದೇ ಲಿಯೊಪೋಲ್ಡ್ ಮ್ಯೂಸಿಯಂನಲ್ಲಿವೆ. ವಾಲಿ ತನ್ನ ಕೈಯಾರೆ ಬರೆದ ಒಂದು ಸಾಲೂ ಉಳಿದಿದೆ, 1913ರ ಜನವರಿಯದು, ಶೀಲೆಯ ಸ್ಕೆಚ್ ಪುಸ್ತಕದಲ್ಲಿ. ಈ ಲೋಕದಲ್ಲಿ ತನಗೆ ಯಾರ ಮೇಲೂ ಪ್ರೀತಿಯಿಲ್ಲ ಅಂತ ಖಚಿತಪಡಿಸುತ್ತಿದ್ದಾಳೆ. ಕೆಳಗೆ ರುಜು: ವಾಲಿ.