ಡಬ್ಬಿಯೊಳಗೆ ಯಾರ್ಯಾರ ಮೇಲ್ ಇದೆ?

'ಫೈಸಾ ಕಾಯ್ದೆಯ 702ನೇ ಸೆಕ್ಷನ್ ವಿದೇಶಿಯರ ಮೇಲೆ ಮಾತ್ರ ಕಣ್ಣಿಡುತ್ತದೆ, ಅಮೆರಿಕನ್ನರು ತಲೆ ಕೆಡಿಸಿಕೊಳ್ಳಬೇಕಿಲ್ಲ' ಎಂದು ಬರೆದಿದ್ದೀರಿ. ಫೈಸಾ ಅಂದರೆ ಗೂಢಚರ್ಯೆಗೆ ಸಂಬಂಧಿಸಿದ ಅಮೆರಿಕದ ಕಾಯ್ದೆ; ಹೊರದೇಶದಲ್ಲಿರುವ ವಿದೇಶಿಯರ ಇಮೇಲ್, ಫೋನ್ ಮಾತುಕತೆ ಸಂಗ್ರಹಿಸಲು ಅವಕಾಶ ಕೊಡುವುದು ಅದರ 702ನೇ ಸೆಕ್ಷನ್. ಕಾಯ್ದೆಯಲ್ಲಿ ಬರೆದಿರುವುದೇನೋ ಹಾಗೇ. ಆದರೆ ಮಾತುಕತೆ ಅಂದಮೇಲೆ ಎರಡು ಕಡೆಯವರು ಇರ್ತಾರೆ ಅಲ್ವಾ? ಹೊರದೇಶದಲ್ಲಿರುವವನ ಮೇಲ್ ಹಿಡಿದರೆ, ಅವನಿಗೆ ಅಮೆರಿಕದಿಂದ ಬರೆದವರ ಮೇಲ್ ಕೂಡ ಅದೇ ಡಬ್ಬಿಗೆ ಬೀಳುತ್ತದೆ. ಆಮೇಲೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರು ಕಂಪ್ಯೂಟರ್ ಮುಂದೆ ಕೂತು ಆ ಅಮೆರಿಕನ್ನರ ಹೆಸರನ್ನೋ ಫೋನ್ ನಂಬರನ್ನೋ ಹಾಕಿ ಹುಡುಕುತ್ತಾರೆ. ಅದಕ್ಕೆ ಕೋರ್ಟಿನಿಂದ ವಾರಂಟ್ ತೆಗೆದುಕೊಳ್ಳಬೇಕು ಅನ್ನುವ ನಿಯಮ ಇರಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಸುಮ್ನೆ ಹೆದರಿಸುತ್ತಿಲ್ಲ. 2023ರಲ್ಲಿ ಹೊರಬಂದ, ಈ ಗೂಢಚರ್ಯೆಯ ಮೇಲೆ ನಿಗಾ ಇಡುವ ಫೈಸಾ ಕೋರ್ಟಿನ ಆದೇಶ ತೆಗೆದು ನೋಡಿ. ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಚುನಾವಣೆಗೆ ನಿಂತ ಒಬ್ಬರ ಪ್ರಚಾರಕ್ಕೆ ದುಡ್ಡು ಕೊಟ್ಟ 19,000ಕ್ಕೂ ಹೆಚ್ಚು ಜನರ ಹೆಸರನ್ನು ಎಫ್‌ಬಿಐನವರು ಒಂದೇ ಏಟಿಗೆ ಹುಡುಕಿದ್ದರು. ಹತ್ತೊಂಬತ್ತಲ್ಲ, ಹತ್ತೊಂಬತ್ತು ಸಾವಿರ!

2024ರ ಏಪ್ರಿಲ್‌ನಲ್ಲಿ ವಾರಂಟ್ ಕಡ್ಡಾಯ ಮಾಡುವ ತಿದ್ದುಪಡಿ ಅಲ್ಲಿನ ಕೆಳಮನೆಗೆ ಬಂತು. ಮತ 212–212. ಸಮ ಬಿದ್ದರೆ ಸೋತಂತೆ, ಅಷ್ಟೇ. ಎರಡೂ ಪಕ್ಷದವರು ಎರಡೂ ಕಡೆ ಇದ್ದರು, ಹಾಗಾಗಿ ಇದನ್ನು ನೀವು ಪಕ್ಷದ ಜಗಳ ಮಾಡಿದ್ದೂ ನನಗೆ ಸರಿ ಕಾಣಲಿಲ್ಲ.

702 ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ತುರ್ತು ಬಿದ್ದಾಗ ವಾರಂಟ್ ಇಲ್ಲದೆ ಹುಡುಕಲು ಆ ತಿದ್ದುಪಡಿಯಲ್ಲೇ ಜಾಗ ಬಿಟ್ಟಿದ್ದರು. ಹಾಗಿದ್ದೂ ಅದು 'ಭದ್ರತಾ ಸಂಸ್ಥೆಗಳ ಕೈ ಕಟ್ಟಿಹಾಕುತ್ತಿತ್ತು' ಅನ್ನುವ ನಿಮ್ಮ ಮಾತು ಸ್ವಲ್ಪ ಜಾಸ್ತಿಯೇ ಆಯ್ತು.